ಅಕ್ಕನ ಚುಕ್ಕಿ ಕದಲದ ದಿನ

ಒಂದು ಬಟನ್ ಒತ್ತುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಸರಿಯಾಗಿ ಒತ್ತಲಿಲ್ಲ. ಒತ್ತಿಲ್ಲ ಎಂದು ಗೊತ್ತಾದ ಮೇಲೂ ಐದು ಗಂಟೆ ಕಾಲ ಯಾರಿಗೂ ಹೇಳಲಿಲ್ಲ. ಅದರಲ್ಲಿ ನಾಲ್ಕು ಗಂಟೆ ನನ್ನ ಒಡಹುಟ್ಟಿದ ಅಕ್ಕ ಎಂಜಿನ್ ಇಲ್ಲದ ವಿಮಾನದಲ್ಲಿ ಟೆಕ್ಸಸ್ಸಿನ ಮೇಲೆ ಹಾರುತ್ತಿದ್ದಳು. ಆಮೇಲೆ ಎಲ್ಲಿ ಇಳಿದಳು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಡ್ಯಾಲಸ್‌ನ ದಕ್ಷಿಣಕ್ಕೆ ಒಂದು ಗ್ಲೈಡರ್ ಕ್ಲಬ್ಬಿದೆ. ನಾನು ಅಲ್ಲಿ ನೆಲದ ಕೆಲಸದವನು. ರೆಕ್ಕೆ ಜೋಡಿಸುವುದು, ಬ್ಯಾಟರಿ ಚಾರ್ಜ್ ಮಾಡುವುದು, ಟ್ರೇಲರಿನ ಬೇರಿಂಗಿಗೆ ಗ್ರೀಸ್ ಹಾಕುವುದು ಎಲ್ಲ ನನ್ನದೇ. ಗ್ಲೈಡರ್ ಯಾವುದಾದರೂ ಹೊಲದಲ್ಲಿ ಇಳಿದುಬಿಟ್ಟರೆ ಟ್ರೇಲರ್ ಎಳೆದುಕೊಂಡು ಹೋಗಿ, ಬಿಚ್ಚಿ, ತುಂಬಿಕೊಂಡು ಬರುವವನೂ ನಾನೇ. ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ರಸ್ತೆ ಫಲಕ ತಿಳಿಯುತ್ತದೆ. ಮೂರು ಸಾಲು ಒಟ್ಟಿಗೆ ಬಂದರೆ ಕಣ್ಣು ಜಾರುತ್ತದೆ.

ಪೈಲಟ್ ಎಲ್ಲಿದ್ದಾನೆಂದು ತಿಳಿಯಲು ಅವನ ಭುಜದ ಪಟ್ಟಿಗೆ ಅಂಗೈಯಗಲದ ಒಂದು ಟ್ರ್ಯಾಕರ್ ಸಿಕ್ಕಿಸುತ್ತೇವೆ. ಅದು ಎರಡು ನಿಮಿಷಕ್ಕೊಮ್ಮೆ ಉಪಗ್ರಹಕ್ಕೆ ತನ್ನ ಜಾಗ ಹೇಳುತ್ತದೆ. ನನ್ನ ಫೋನಿನ ನಕ್ಷೆಯ ಮೇಲೆ ಒಂದೊಂದೇ ನೀಲಿ ಚುಕ್ಕಿ ಬಂದು ಬೀಳುತ್ತದೆ. ಚುಕ್ಕಿ ಒತ್ತೊತ್ತಾಗಿ ಬಿದ್ದರೆ ಪೈಲಟ್ ಬಿಸಿಗಾಳಿಯ ಸುಳಿಯಲ್ಲಿ ಸುತ್ತುತ್ತ ಮೇಲೇರುತ್ತಿದ್ದಾನೆ, ದೂರ ದೂರ ಬಿದ್ದರೆ ಮೂಗು ಬಗ್ಗಿಸಿ ಓಡುತ್ತಿದ್ದಾನೆ. ಒಂದೇ ಕಡೆ ಗುಡ್ಡೆ ಬಿದ್ದು ಎತ್ತರ ಸೊನ್ನೆಯಾದರೆ ಇಳಿದಿದ್ದಾನೆ, ಟ್ರೇಲರ್ ತಿರುಗಿಸು ಎಂದರ್ಥ. ಓದು ಬಾರದ ನನಗೆ ಇಷ್ಟು ಚೆನ್ನಾಗಿ ಓದಲು ಬರುತ್ತಿದ್ದದ್ದು ಅದೊಂದೇ. ಆ ಚುಕ್ಕಿಗಳ ಹಿಂದೆ ರಸ್ತೆಯ ಮೇಲೆ ಗಾಡಿ ಓಡಿಸುವುದೆಂದರೆ ನನಗೆ ಹಬ್ಬ.

ಅಕ್ಕ ಡ್ಯಾಲಸ್‌ನ ಉತ್ತರದ ಮೆಕಿನ್ನಿಯಲ್ಲಿರುವವಳು. ವಾರವೆಲ್ಲ ಪ್ಲೇನೋದಲ್ಲಿ ಆಫೀಸು, ಶನಿವಾರ ಬಂದರೆ ಗ್ಲೈಡರ್. ಒಂದೇ ಹಾರಾಟದಲ್ಲಿ ಐನೂರು ಕಿಲೋಮೀಟರ್ ಮುಗಿಸಬೇಕೆಂದು ಮೂರು ಬೇಸಿಗೆಯಿಂದ ಒದ್ದಾಡುತ್ತಿದ್ದಳು. ಈ ಸಲ ಹೊಸ ದಾರಿ ಹುಡುಕಿದ್ದಳು. ಹ್ಯೂಸ್ಟನ್ನಿನ ಪಶ್ಚಿಮದ ಹುಲ್ಲಿನ ಮೈದಾನದಿಂದ ಹೊರಟು, ಆಸ್ಟಿನ್ ಪಕ್ಕದ ಒಂದು ಪುಟ್ಟ ವಿಮಾನಪಟ್ಟಿಯ ಮೇಲೆ ತಿರುಗಿ, ಬೆನ್ನಿಗೆ ಗಾಳಿ ಹಾಕಿಕೊಂಡು ಡ್ಯಾಲಸ್‌ನ ನಮ್ಮ ಕ್ಲಬ್ಬಿನಲ್ಲಿ ಇಳಿಯುವುದು. ಮೂರೂ ಊರು ಒಂದೇ ದಿನದಲ್ಲಿ, ಒಂದು ತೊಟ್ಟು ಪೆಟ್ರೋಲ್ ಇಲ್ಲದೆ!

ಅವಳಿಗೆ ಹಾರುವುದನ್ನು ಕಲಿಸಿದವರು ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಒಬ್ಬ ಅಂಕಲ್. ಮೈಸೂರಿನವರು, ನಿವೃತ್ತರು. ಗ್ಲೈಡರನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ಪುಟ್ಟ ವಿಮಾನವನ್ನು ಅವರೇ ಓಡಿಸುತ್ತಾರೆ. ಹಿಂದಿನ ಸಂಜೆ ಅವರ ಮನೆಯಲ್ಲೇ ಉಳಿದಿದ್ದೆವು. ಊಟದ ಮೇಜಿನ ಮೇಲೆ ಅಕ್ಕ ಹೊಸ ಟ್ರ್ಯಾಕರ್ ತೆಗೆದಿಟ್ಟಳು. ಹಳೆಯದರಲ್ಲಿ ಬರೀ ದೀಪಗಳು. ನಾಲ್ಕು ಹಸಿರು ಉರಿದರೆ ಮುಗಿಯಿತು. ಇದರಲ್ಲಿ ಪರದೆ ಇತ್ತು, ಪರದೆಯ ತುಂಬ ಅಕ್ಷರ.

"ಬಾರೋ ಇಲ್ಲಿ, ಇದನ್ನ ಹೇಗೆ ಶುರು ಮಾಡೋದು ತೋರಿಸ್ತೀನಿ," ಅಂದಳು.

"ಗೊತ್ತು ಬಿಡಕ್ಕ."

"ಇದು ಬೇರೆ ಥರ ಕಣೋ. ಆನ್ ಮಾಡೋದೇ ಬೇರೆ, ಟ್ರ್ಯಾಕಿಂಗ್ ಶುರು ಮಾಡೋದೇ ಬೇರೆ. ಕೇಳಿದ್ದನ್ನ ಓದ್ಕೊಂಡು ಒತ್ತಬೇಕು."

"ಯಾಕೆ, ನಂಗೆ ಓದೋಕ್ ಬರಲ್ವಾ?"

ಅಂಕಲ್ ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ಆಂಟಿ ಮಜ್ಜಿಗೆ ತರಲು ಒಳಗೆ ಹೋದರು. ಅಕ್ಕ ಟ್ರ್ಯಾಕರನ್ನು ಸುಮ್ಮನೆ ನನ್ನ ಕಡೆ ಸರಿಸಿದಳು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಬೆಳಿಗ್ಗೆ ಹತ್ತೂವರೆಗೆ ಹ್ಯೂಸ್ಟನ್ನಿನ ಸೆಖೆಯಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಆಕಾಶದಲ್ಲಿ ಆಗಲೇ ಪುಟ್ಟ ಪುಟ್ಟ ಮೋಡ ಏಳುತ್ತಿತ್ತು. ರೆಕ್ಕೆ ಜೋಡಿಸಿದೆವು, ಪಿನ್ ಹಾಕಿದೆವು, ಸಂದುಗಳಿಗೆ ಬಿಳಿ ಟೇಪ್ ಅಂಟಿಸಿದೆವು. ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ದಕ್ಷಿಣಕ್ಕಿರೋ ಗಲ್ಫ್ ಕಡೆಯಿಂದ ಸಮುದ್ರದ ಗಾಳಿ ಒಳಗೆ ಬರತ್ತಮ್ಮ," ಎಂದರು ಅಂಕಲ್. "ಅದು ನಿನ್ನ ಹಿಂದೆ ಬಂತು ಅಂದ್ರೆ ಮೋಡ ಎಲ್ಲ ಕರಗಿ ಹೋಗತ್ತೆ, ಆಟ ಮುಗೀತು. ಅದಕ್ಕಿಂತ ಮುಂದೆ ಇರು. ಅತಿಯಾಸೆ ಪಡ್ಬೇಡ."

"ಅತಿಯಾಸೆ ಪಡ್ದೆ ಐನೂರು ಆಗತ್ತಾ ಅಂಕಲ್?"

ನಾನು ಟ್ರ್ಯಾಕರ್ ಆನ್ ಮಾಡಿದೆ. ಹಸಿರು ದೀಪ ಮಿನುಗಿತು. ನನ್ನ ಫೋನಿನ ನಕ್ಷೆಯಲ್ಲಿ ಮೈದಾನದ ಮೇಲೆ ಒಂದು ಚುಕ್ಕಿ ಬಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಮೂರು ಸಾಲಿನ ಪ್ರಶ್ನೆಯೊಂದು ಎದ್ದು ನಿಂತಿತು, ಕೆಳಗೆ ಎರಡು ಚೌಕ. ಇಂಥ ಕಡೆ ನನ್ನದೊಂದು ಉಪಾಯವಿದೆ. ನಮ್ಮೂರಿನ ಗುಡಿಯಲ್ಲಿ ದೇವರ ಮುಂದೆ ಹೂ ಕೇಳುವಾಗ ಬಲಗಡೆಯಿಂದ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಇಲ್ಲ. ಅರ್ಥವಾಗದ ಪರದೆ ಬಂದಾಗಲೆಲ್ಲ ನಾನು ಬಲಗಡೆಯದನ್ನೇ ಒತ್ತುತ್ತೇನೆ. ಬ್ಯಾಂಕಿನ ಮಿಷನ್ನಿನಲ್ಲಿ, ಫೋನಿನಲ್ಲಿ, ಗ್ಯಾಸ್ ಸ್ಟೇಷನ್ನಿನಲ್ಲಿ ಅದು ಎಷ್ಟೋ ವರ್ಷ ನನ್ನ ಮಾನ ಕಾಪಾಡಿತ್ತು. ಈಗಲೂ ಬಲಗಡೆಯದನ್ನೇ ಒತ್ತಿದೆ. ಪ್ರಶ್ನೆ ಹೋಯಿತು. ದೀಪ ಮಿನುಗುತ್ತಲೇ ಇತ್ತು. ಟ್ರ್ಯಾಕರನ್ನು ಅಕ್ಕನ ಪ್ಯಾರಾಚೂಟಿನ ಎಡಭುಜದ ಪಟ್ಟಿಗೆ ಸಿಕ್ಕಿಸಿದೆ.

ಹಾರುವ ಮುಂಚೆ ಒಂದೊಂದೇ ಹೆಸರು ಕೂಗಿ ತಪಾಸಣೆ ಮಾಡುವುದು ಪದ್ಧತಿ. ಅಂಕಲ್ ಕೂಗಿದರು: ಪಿನ್ನು? ಬ್ರೇಕು? ರೇಡಿಯೊ? ಟ್ರ್ಯಾಕರ್?

"ಓಕೆ," ಎಂದೆ ನಾನು.

ಹಗ್ಗ ಬಿಗಿಯಿತು. ಅಂಕಲ್‌ರ ವಿಮಾನ ಗುಡುಗುತ್ತ ಓಡಿತು. ಅಕ್ಕನ ಬಿಳಿ ಗ್ಲೈಡರ್ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಕುಣಿದು, ನೆಲ ಬಿಟ್ಟು, ಹಗ್ಗದ ತುದಿಯಲ್ಲಿ ಮೀನಿನಂತೆ ತೇಲಿತು. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನ್ನ ಕೈ ತಾನಾಗಿ ಮೇಲೇಳುತ್ತದೆ. ಅವತ್ತಂತೂ ಜೋರಾಗಿ ಕೂಗಿಬಿಟ್ಟೆ. ಎರಡು ಸಾವಿರ ಅಡಿಯ ಮೇಲೆ ಅವಳು ಹಗ್ಗ ಬಿಟ್ಟಳು. ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ ನಾನೂ ಹೊರಟೆ.

ಇಪ್ಪತ್ತು ನಿಮಿಷದ ಮೇಲೆ, 290ನೇ ಹೆದ್ದಾರಿ ಹಿಡಿಯುವ ಮೊದಲು, ಫೋನ್ ನೋಡಿದೆ. ಮೈದಾನದ ಮೇಲೆ ಒಂದೇ ಒಂದು ಚುಕ್ಕಿ. ಪುಟವನ್ನು ಮತ್ತೆ ತೆರೆದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ. ಅದೇ ಚುಕ್ಕಿ. ಬಲಗಡೆಯ ಚೌಕ 'ಹೌದು' ಆಗಿರಲಿಲ್ಲ.

ಆಗ ರೇಡಿಯೊ ನನ್ನ ಪಕ್ಕದ ಸೀಟಿನಲ್ಲೇ ಇತ್ತು. ಟ್ರ್ಯಾಕರ್ ಅವಳ ಭುಜದ ಮೇಲೆ. "ಅಕ್ಕ, ಟ್ರ್ಯಾಕಿಂಗ್ ಶುರುವಾಗಿಲ್ಲ, ಒತ್ತು" ಎಂದಿದ್ದರೆ ಅವಳೇ ಕಳಚಿ ನೋಡಿ ಅರ್ಧ ನಿಮಿಷದಲ್ಲಿ ಸರಿ ಮಾಡಿಕೊಳ್ಳುತ್ತಿದ್ದಳು. ನಾನು ರೇಡಿಯೊ ಎತ್ತಿದೆ ಕೂಡ. ಅಷ್ಟರಲ್ಲಿ ಅವಳ ದನಿಯೇ ಬಂತು.

"ಲೋ! ಐದು ಸಾವಿರ ಅಡಿ ಕಣೋ! ಮೋಡ ನೋಡೋ, ಹತ್ತಿ ಗುಡ್ಡೆ ಹಾಕ್ದಂಗಿದೆ! ನನ್ನ ಚುಕ್ಕಿ ಚೆನ್ನಾಗಿ ಬರ್ತಿದ್ಯಾ?"

"ಬರ್ತಿದೆ," ಎಂದೆ.

ಒಂದು ಪದ. ಅದನ್ನು ಆಡಲು ಯೋಚಿಸಲೂ ಇಲ್ಲ. ಹಿಂದಿನ ಸಂಜೆಯ ಊಟದ ಮೇಜು ಕಣ್ಣ ಮುಂದೆ ಬಂತು, ಬಾಯಿ ತಾನಾಗಿ ಆಡಿತು.

ಆಮೇಲಿನ ಮೂರು ಗಂಟೆ ವಿಚಿತ್ರ ಖುಷಿಯಲ್ಲಿ ಹೋಯಿತು. ತಪ್ಪು ಮಾಡಿದವನಿಗೆ ಖುಷಿ ಎಲ್ಲಿಂದ ಎಂದು ಕೇಳಬಹುದು. ಆದರೆ ಅವಳು ಹಾಗೆ ಹಾರುತ್ತಿದ್ದಳು! ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿದ ಹಾಗೆ ಮೋಡದಿಂದ ಮೋಡಕ್ಕೆ ದಾಟುತ್ತಿದ್ದಳು. ಬೆಟ್ಟವಿಲ್ಲದ ಬಯಲಿನಲ್ಲಿ ರಸ್ತೆ ನೇರ ಇರುವುದರಿಂದ ಒಂದೆರಡು ಸಲ ಅವಳ ರೆಕ್ಕೆ ಬಿಸಿಲಿಗೆ ಮಿಂಚಿದ್ದನ್ನು ಕಂಡೆ. ಬೇಲಿಗಳು, ದನಗಳು, ಹುಲ್ಲಿನ ಉಂಡೆಗಳು ಎರಡೂ ಕಡೆ ಹಿಂದಕ್ಕೆ ಓಡುತ್ತಿದ್ದವು. ರೇಡಿಯೊದಲ್ಲಿ ಅವಳು ಎತ್ತರ ಕೂಗುವಳು, ನಾನು ಮೈಲಿ ಕೂಗುವೆ. ನಡುವೆ ಯಾರೋ ಟೆಕ್ಸಸ್ಸಿನ ಪೈಲಟ್ ಬಾಯಿ ಹಾಕಿ, ಇದು ಯಾವ ಭಾಷೆ, ಬಲು ಜೋರಾಗಿದೆಯಲ್ಲ ಎಂದು ನಕ್ಕ. ಎರಡು ಗಂಟೆಗೆ ಸ್ವಲ್ಪ ಮುಂಚೆ, "ತಿರುಗಿದೆ! ಆಸ್ಟಿನ್ ಮುಗೀತು!" ಎಂದು ಕಿರುಚಿದಳು. ನಾನು ಸ್ಟಿಯರಿಂಗ್ ಮೇಲೆ ಗುದ್ದಿ ಗುದ್ದಿ ಹಾರ್ನ್ ಹೊಡೆದೆ. ಪಕ್ಕದ ಲಾರಿಯವನೂ ಹಾರ್ನ್ ಹೊಡೆದ.

ಚುಕ್ಕಿ ಯಾರಿಗೆ ಬೇಕು, ರೇಡಿಯೊ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಸ್ಟಿನ್ ದಾಟಿ 35ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದೆ.

ಮಧ್ಯಾಹ್ನ ಮೂರು ದಾಟುತ್ತಿದ್ದಂತೆ ಅವಳ ದನಿ ಬದಲಾಯಿತು. "ಪೂರ್ವದಲ್ಲಿ ಮೋಡ..." ಎಂದು ಏನೋ ಹೇಳಿದಳು. ನಡುವೆ ಬರೀ ಗರಗರ. ಆಮೇಲೆ "...ಕಡೆಗೆ ಹೋಗ್ತೀನಿ" ಎಂಬುದಷ್ಟೇ ಕೇಳಿತು. ಯಾವ ಕಡೆಗೆ? ಕೇಳಿದೆ. ಮತ್ತೆ ಮತ್ತೆ ಕೇಳಿದೆ. ರೇಡಿಯೊ ಮೌನವಾಯಿತು.

ಬಲಗಡೆಯ ಆಕಾಶ ತೊಳೆದಿಟ್ಟ ತಟ್ಟೆಯಂತೆ ನೀಲಿಯಾಗಿತ್ತು. ಒಂದು ಮೋಡವೂ ಇಲ್ಲ. ಸಮುದ್ರದ ಗಾಳಿ ಬಂದುಬಿಟ್ಟಿತ್ತು. ಅವಳು ಅದನ್ನು ಓಡಿ ಮೀರಿಸಿರುತ್ತಾಳೆ, ಮುಂದೆ ಡ್ಯಾಲಸ್ ಕಡೆಗೆ ಹೋಗಿರುತ್ತಾಳೆ ಎಂದು ನಾನೂ ಮುಂದೆ ಹೋದೆ. ಹತ್ತು ನಿಮಿಷಕ್ಕೊಮ್ಮೆ ಅವಳ ಫೋನಿಗೆ ಕರೆ ಮಾಡಿದೆ. ನೆಟ್‌ವರ್ಕ್ ಇಲ್ಲ. ನಾಲ್ಕೂವರೆಗೆ ಕ್ಲಬ್ಬಿಗೆ ಫೋನ್ ಮಾಡಿದರೆ, ಬಂದಿಲ್ಲ ಎಂದರು. ಹೆದ್ದಾರಿ ಪಕ್ಕದ ಗ್ಯಾಸ್ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿದೆ. ಕೈಯಲ್ಲಿ ನಕ್ಷೆ, ನಕ್ಷೆಯಲ್ಲಿ ಹ್ಯೂಸ್ಟನ್ನಿನ ಆ ಒಂದು ಚುಕ್ಕಿ. ಹೊರಗೆ ಡಾಂಬರು ಕರಗುವ ಬಿಸಿಲು.

ಐದು ಗಂಟೆಗೆ ಅಂಕಲ್ ಫೋನ್ ಬಂತು. ದಿನವೆಲ್ಲ ಬೇರೆ ಗ್ಲೈಡರುಗಳನ್ನು ಎಳೆದು ಆಗಷ್ಟೇ ಇಳಿದಿದ್ದರು.

"ಎಲ್ಲಿಗೆ ಬಂದ್ಳಯ್ಯ ನಮ್ಮ ಹುಡುಗಿ?"

"ಗೊತ್ತಿಲ್ಲ ಅಂಕಲ್. ಮೂರು ಗಂಟೆಯಿಂದ ರೇಡಿಯೊ ಇಲ್ಲ."

"ಅಲ್ಲಯ್ಯ, ನಕ್ಷೆ ನೋಡು... ತಡಿ, ನಾನೇ ನೋಡ್ತೀನಿ." ಉಸಿರಾಡುವ ಸದ್ದಷ್ಟೇ ಕೇಳಿತು. "ಇದೇನಿದು, ಇಲ್ಲೇ ಒಂದು ಚುಕ್ಕಿ ಇದೆ, ಆಮೇಲೆ ಏನೂ ಇಲ್ವಲ್ಲ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಬ್ಯಾಟರಿ ಹೋಗಿರತ್ತೆ," ಎಂದರು ಅವರೇ. "ಹೊಸದು ಬೇರೆ. ಈ ಬಿಸಿಲಿಗೆ ಇವೆಲ್ಲ ಹಾಗೇ ಕಣಯ್ಯ, ನೀನೇನ್ ಮಾಡ್ತೀಯ. ಸರಿ, ಅದು ಸತ್ತಿದೆ ಅಂದ್ರೆ ಇನ್ನು ಕೊನೇ ರೇಡಿಯೊ ಬಂದ ಜಾಗದಿಂದ ಹುಡುಕಿಸಬೇಕು. ಪೊಲೀಸ್ರಿಗೆ ಹೇಳ್ತೀನಿ. 35ರ ಅಕ್ಕಪಕ್ಕ ತಾನೇ?"

ನೀನೇನ್ ಮಾಡ್ತೀಯ. ಆ ಮಾತು ಬಾಯಾರಿದವನಿಗೆ ಎಳನೀರು ಕೊಟ್ಟ ಹಾಗಿತ್ತು. 'ಹೂಂ' ಎಂದರೆ ಸಾಕಿತ್ತು. ಬ್ಯಾಟರಿ ಸತ್ತಿತು, ನನ್ನ ಮಾನ ಉಳಿಯಿತು. ಆದರೆ ಆ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿದವನು ನಾನು. ಅದು ಮೂರು ದಿನ ಬರುತ್ತದೆಂದು ನನಗೆ ಗೊತ್ತು. ಅಕ್ಕನನ್ನು ಹುಡುಕುವವರ ಕೈಗೆ ನಾನು ಸುಳ್ಳು ಕೊಟ್ಟು ಕಳಿಸುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ಕಂಡಿತು.

"ಬ್ಯಾಟರಿ ಅಲ್ಲ ಅಂಕಲ್," ಎಂದೆ. "ನಾನು ಟ್ರ್ಯಾಕಿಂಗೇ ಶುರು ಮಾಡಿಲ್ಲ. ಏನೋ ಕೇಳ್ತು, ನಂಗೆ ಓದಕ್ಕಾಗ್ಲಿಲ್ಲ. ಬಲಗಡೇದು ಒತ್ತಿಬಿಟ್ಟೆ. ಹನ್ನೊಂದು ಮುಕ್ಕಾಲಿಗೇ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ."

ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ದನಿ ಒಮ್ಮೆಲೇ ಚುರುಕಾಯಿತು.

"ಆನ್ ಇತ್ತಾ? ಅದು ಹೇಳು ಮೊದ್ಲು. ದೀಪ?"

"ಆನ್ ಇತ್ತು. ಹಸಿರು ದೀಪ ಮಿನುಗ್ತಿತ್ತು. ಬ್ಯಾಟರಿ ಪೂರ್ತಿ ಇದೆ."

"ಅಯ್ಯೋ ಮಾರಾಯ, ಇದನ್ನ ಆಗ್ಲೇ ಹೇಳೋಕೇನಾಗಿತ್ತು! ಆನ್ ಇದ್ರೆ ಅದು ಕಿವಿ ತೆರ್ಕೊಂಡಿರತ್ತೆ. ಹತ್ತು ನಿಮಿಷಕ್ಕೊಂದ್ಸಲ ನನಗೇನಾದ್ರೂ ಸಂದೇಶ ಇದ್ಯಾ ಅಂತ ಉಪಗ್ರಹನ ಕೇಳತ್ತೆ. ಎಲ್ಲಿದ್ದೀಯ ಹೇಳು ಅಂತ ನಾವು ಕೇಳಬಹುದು. ನಿಮ್ಮಕ್ಕ ಕೊಟ್ಟ ಪಾಸ್‌ವರ್ಡ್ ನನ್ನ ಹತ್ರ ಇದೆ. ಲೈನಲ್ಲಿರು!"

ಅವರು ಕೀಲಿ ಒತ್ತುವ ಸದ್ದು ಕೇಳಿತು. "ಕೇಳ್ದೆ," ಎಂದರು. ಆಮೇಲೆ ಉತ್ತರಕ್ಕೆ ಕಾದೆವು.

ಆ ಕೆಲವು ನಿಮಿಷ ಎಷ್ಟು ಉದ್ದ ಎಂದು ನನಗೆ ಇವತ್ತೂ ಅಳೆಯಲು ಬರುವುದಿಲ್ಲ. ಅವಳು ತಲೆಕೆಳಗಾಗಿ ಬಿದ್ದಿದ್ದರೆ ಟ್ರ್ಯಾಕರಿಗೆ ಆಕಾಶ ಕಾಣುವುದಿಲ್ಲ, ಉತ್ತರ ಬರುವುದಿಲ್ಲ. ಅದು ನನಗೂ ಗೊತ್ತಿತ್ತು, ಅಂಕಲ್‌ಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ಗಾಡಿಯ ಗಡಿಯಾರ ಐದು ಹದಿನೈದು ತೋರಿಸಿತು. ಐದು ಹದಿನಾರು.

ಫೋನಿನ ನಕ್ಷೆ ಅಲುಗಿತು. ಹ್ಯೂಸ್ಟನ್ನಿನಿಂದ ಒಂದು ಉದ್ದ ನೀಲಿ ಗೆರೆ ಚಿಮ್ಮಿ ಬಂದು ಎಡಕ್ಕೆ, ಎಡಕ್ಕೆ, ಹೆದ್ದಾರಿಯನ್ನು ದಾಟಿ ಎಲ್ಲೋ ಪಶ್ಚಿಮದಲ್ಲಿ ನಿಂತಿತು. ತುದಿಯಲ್ಲಿ ಒಂದು ಚುಕ್ಕಿ!

"ಬಂತು!" ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಪೆಟ್ರೋಲ್ ಹಾಕಿಕೊಳ್ಳುತ್ತಿದ್ದವರು ತಿರುಗಿ ನೋಡಿದರು.

"ಪಶ್ಚಿಮಕ್ಕೆ ಹೋಗಿದ್ದಾಳೆ ಕಣಯ್ಯ, ಮೋಡ ಹುಡುಕ್ಕೊಂಡು! ನಿನ್ನಿಂದ ಐವತ್ತು ಮೈಲಿ. ನಾವು ಹುಡುಕಿಸ್ತಿದ್ದಿದ್ದು ಎಲ್ಲಿ, ಅವಳಿರೋದು ಎಲ್ಲಿ! ಹೊರಡು. ಆಂಬ್ಯುಲೆನ್ಸಿಗೆ ನಾನು ಹೇಳ್ತೀನಿ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಇನ್ನೊಂದು ವಿಷ್ಯ. ನಿಮ್ಮಕ್ಕಂಗೆ ನಾನೇನೂ ಹೇಳಲ್ಲ. ಅದು ನಿನ್ನ ಕೆಲಸ."

ಮೂವತ್ತು ಅಡಿ ಟ್ರೇಲರ್ ಹಿಂದೆ ಕಟ್ಟಿಕೊಂಡು ಆ ಹಳ್ಳಿ ರಸ್ತೆಗಳಲ್ಲಿ ನಾನು ಹೋದ ವೇಗವನ್ನು ಇಲ್ಲಿ ಬರೆಯುವುದಿಲ್ಲ. ಅಂಕಲ್ ಮತ್ತೆ ಎರಡು ಸಲ ಟ್ರ್ಯಾಕರನ್ನು ಕೇಳಿದರು. ಎರಡು ಸಲವೂ ಅದೇ ಜಾಗ. ಅದು ಒಂದು ದನದ ರ‍್ಯಾಂಚು. ರಸ್ತೆಯಿಂದ ನೋಡಿದರೆ ಕುರುಚಲು ಸೀಡರ್ ಮರಗಳ ಹೊರತು ಏನೂ ಕಾಣದು. ಅಂಕಲ್ ಮೊದಲೇ ಫೋನ್ ಮಾಡಿದ್ದರಿಂದ ರ‍್ಯಾಂಚಿನ ಒಡತಿ ಗೇಟ್ ತೆರೆದು ತನ್ನ ಪುಟ್ಟ ಗಾಡಿಯಲ್ಲಿ ಕಾಯುತ್ತಿದ್ದಳು. ದೊಡ್ಡ ಟೋಪಿಯ ಮುದುಕಿ. ದೂರದ ಊರಿನಿಂದ ಬರಬೇಕಾದ ಆಂಬ್ಯುಲೆನ್ಸ್ ಇನ್ನೂ ಅರ್ಧ ಗಂಟೆಯಂತೆ, ನನ್ನ ಹಿಂದೆ ಬಾ ಎಂದು ಕೈ ಬೀಸಿದಳು.

ಮರಗಳ ಆಚೆ ಹುಲ್ಲುಗಾವಲಿನಲ್ಲಿ ಗ್ಲೈಡರ್ ನೆಟ್ಟಗೆ ನಿಂತಿತ್ತು. ಒಂದು ಗೀರೂ ಇಲ್ಲ. ಗಾಜಿನ ಮುಚ್ಚಳ ಹಾಕಿತ್ತು. ಓಡಿದೆ. ಒಳಗೆ ಸೀಟಿನ ಮೇಲೆ ಪ್ಯಾರಾಚೂಟು, ಅದರ ಭುಜಪಟ್ಟಿಯಲ್ಲಿ ಹಸಿರು ದೀಪ, ಪಕ್ಕದಲ್ಲಿ ನೀರಿನ ಬಾಟಲಿ. ಅಕ್ಕ ಇಲ್ಲ.

"ಅಕ್ಕಾ!" ಎಂದು ಕೂಗಿದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ದನಗಳು ತಲೆಯೆತ್ತಿದವು. ಮತ್ತೆ ಕೂಗಿದೆ.

"ಇಲ್ಲಿದ್ದೀನೋ! ಹಳ್ಳದಲ್ಲಿ!"

ಒಣ ಹಳ್ಳವೊಂದರ ದಂಡೆಗೆ ಒರಗಿ, ಓಕ್ ಮರದ ನೆರಳಿನಲ್ಲಿ ಕೂತಿದ್ದಳು. ಬಲಗಾಲಿನ ಹರಡು ಊದಿ ಕುಂಬಳಕಾಯಿಯಾಗಿತ್ತು. ತುಟಿ ಒಡೆದಿತ್ತು, ಮುಖ ಕೆಂಪಗೆ ಸುಟ್ಟಿತ್ತು. ನನ್ನನ್ನು ನೋಡಿ ಮೊದಲು ಅಂದದ್ದು, "ಗೇಟ್ ಎಲ್ಲಿತ್ತೋ? ಅದನ್ನೇ ಹುಡುಕ್ತಾ ಬಿದ್ದೆ."

ಹೊಲಕ್ಕಿಳಿದ ಪೈಲಟ್ ಟ್ರೇಲರ್ ಬರಲು ಗೇಟ್ ಹುಡುಕಿಡುವುದು ನಮ್ಮಲ್ಲಿ ರೂಢಿ. ನಾಲ್ಕು ಗಂಟೆಗೆ ಇಳಿದವಳು, ಐದು ನಿಮಿಷದಲ್ಲಿ ಬರುತ್ತೇನೆಂದು ಎಲ್ಲವನ್ನೂ ಒಳಗೇ ಬಿಟ್ಟು ಹೊರಟಿದ್ದಳು. ಹಳ್ಳದ ಅಂಚು ಕುಸಿಯಿತು. ಎರಡು ಸಲ ತೆವಳಲು ನೋಡಿದಳಂತೆ, ಕಣ್ಣು ಕತ್ತಲೆ ಬಂದು ನಿಲ್ಲಿಸಿದಳಂತೆ. ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ನೀರಿಲ್ಲದೆ ಕೂತಿದ್ದಳು.

ರ‍್ಯಾಂಚಿನ ಮುದುಕಿ ಐಸ್ ಪೆಟ್ಟಿಗೆಯಿಂದ ನೀರು ತೆಗೆದುಕೊಟ್ಟಳು. ನಾವಿಬ್ಬರೂ ಅಕ್ಕನನ್ನು ಎತ್ತಿ ಮುದುಕಿಯ ಗಾಡಿಯ ಹಿಂಭಾಗದಲ್ಲಿ ಕೂರಿಸಿ, ಕಾಲಿಗೆ ಐಸ್ ಕಟ್ಟಿದೆವು. ನೀರು ಒಳಗಿಳಿದಂತೆ ಅಕ್ಕನ ಬಾಯಿ ಬಿಚ್ಚಿತು. ಮೋಡಗಳು ಹೇಗೆ ಸಾಲುಗಟ್ಟಿದ್ದವು, ಹಿಂದಿನಿಂದ ನೀಲಿ ಆಕಾಶ ಹೇಗೆ ಅಟ್ಟಿಸಿಕೊಂಡು ಬಂತು, ಕೊನೆಯ ಸುಳಿಯಲ್ಲಿ ಒಂದು ರಣಹದ್ದು ಅವಳ ಜೊತೆ ಹೇಗೆ ಸುತ್ತಿತು ಎಂದು ಕೈಯಾಡಿಸಿ ಹೇಳಿದಳು. ಐನೂರು ಆಗಲಿಲ್ಲ, ಆದರೂ ಅವಳ ಕಣ್ಣು ಹೊಳೆಯುತ್ತಿತ್ತು. ಆಮೇಲೆ ಮುದುಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ನನ್ನನ್ನು ತೋರಿಸಿ ಹೇಳಿದಳು. ಇವನು ನನ್ನ ತಮ್ಮ, ದಿನವೆಲ್ಲ ಒಂದು ಕ್ಷಣ ಬಿಡದೆ ನನ್ನನ್ನು ನಕ್ಷೆಯ ಮೇಲೆ ಹಿಂಬಾಲಿಸಿದ್ದಾನೆ ಎಂದು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ಮುದುಕಿ ನನ್ನ ಬೆನ್ನು ತಟ್ಟಿದಳು.

ಗ್ಲೈಡರ್ ಬಿಚ್ಚುವ ನೆಪ ಮಾಡಿಕೊಂಡು ಆ ಕಡೆ ಹೋದೆ. ಒಂದು ಪಿನ್ ಎಳೆದೆ. ಎರಡನೆಯದಕ್ಕೆ ಕೈ ಏಳಲಿಲ್ಲ. ವಾಪಸ್ ಬಂದೆ. ಮುದುಕಿ ಆಂಬ್ಯುಲೆನ್ಸಿಗೆ ದಾರಿ ತೋರಿಸಲು ಗೇಟಿನ ಕಡೆ ನಡೆದು ಹೋಗುತ್ತಿದ್ದಳು.

"ಅದೆಷ್ಟು ಧೈರ್ಯವಾಗಿ ಕೂತಿದ್ದೆ ಗೊತ್ತೇನೋ," ಎಂದಳು ಅಕ್ಕ. "ಚುಕ್ಕಿ ಹೋಗ್ತಿದೆ, ಇವನು ನೋಡ್ತಿದ್ದಾನೆ, ಬಂದೇ ಬರ್ತಾನೆ ಅಂತ. ಆದ್ರೂ ಯಾಕೋ ತಡ ಮಾಡ್ದೆ?"

"ಚುಕ್ಕಿ ಹೋಗ್ತಿರ್ಲಿಲ್ಲ ಅಕ್ಕ."

"ಏನು?"

"ಬೆಳಗಿಂದ ಒಂದೂ ಬಂದಿಲ್ಲ. ಆಮೇಲೆ ಅಂಕಲ್ ಅದನ್ನ ಕೇಳಿದ್ದಕ್ಕೆ ಬಂತು. ನಾನು ಶುರುನೇ ಮಾಡಿರ್ಲಿಲ್ಲ."

ಅವಳು ಬಾಟಲಿಯನ್ನು ಕೆಳಗಿಟ್ಟಳು. "ನಾನು ಕೇಳ್ದಾಗ ಬರ್ತಿದೆ ಅಂದ್ಯಲ್ಲೋ?"

"ಸುಳ್ಳು ಹೇಳ್ದೆ."

"ಯಾಕೋ?"

ಅವಳ ಮುಖ ನೋಡಿಯೇ ಹೇಳಬೇಕೆಂದು ತಲೆಯೆತ್ತಿದೆ.

"ಅದ್ರಲ್ಲಿ ಬರ್ದಿದ್ದು ನಂಗೆ ಓದಕ್ಕೆ ಬರ್ಲಿಲ್ಲ ಅಕ್ಕ. ಬರಲ್ಲ ಅಂತ ನಿನ್ ಹತ್ರ ಹೇಳಕ್ಕೆ ನಾಚ್ಕೆ ಆಯ್ತು. ನೀನು ಕಲಿಸ್ತೀನಿ ಅಂದಾಗ ಬೇಡ ಅಂದೆ, ಕೇಳ್ದಾಗ ಸುಳ್ಳು ಹೇಳ್ದೆ. ನನ್ ಮಾನ ಉಳಿಸ್ಕೊಳ್ಳಕ್ಕೆ ಹೋಗಿ ನಿನ್ನ ಈ ಬಿಸಿಲಲ್ಲಿ ಕೂರ್ಸಿದೆ. ತಪ್ಪಾಯ್ತು ಅಕ್ಕ. ನಂದು ತಪ್ಪಾಯ್ತು."